ಬಯಲಿನ ಇಲಿಗಳು

ಆಜ್ಞೆ ಚಿಕ್ಕದಾಗಿತ್ತು.

ಹೊಳೆದಂಡೆಯ ಬಯಲು ಬರಿದಾಗಿದೆ. ಮುಂದಿನ ಯುಗಾದಿಯ ದಿನ ಅಲ್ಲಿ ನೂರು ಗಿಡ ಜೀವಂತವಾಗಿ ನಿಂತಿದ್ದರೆ ಅದು ಊರಿನ ತೋಪಾಗಿ ಊರಿಗೇ ಉಳಿಯುತ್ತದೆ. ತೊಂಬತ್ತೊಂಬತ್ತಿದ್ದರೆ ಬಯಲಿನ ಸುತ್ತ ಗೋಡೆ ಏಳುತ್ತದೆ. ಒಳಗೆ ಅರಮನೆಯ ಕುದುರೆಗಳಿಗೆ ಲಾಯ.

ಆಜ್ಞೆ ಬರೆದ ಅಮಲ್ದಾರ ಬಯಲನ್ನು ನೋಡಿರಲಿಲ್ಲ. ಆಜ್ಞೆ ಬರೆಯುವುದಕ್ಕೆ ಅದರ ಅಗತ್ಯವೂ ಇರಲಿಲ್ಲ.

ಬಯಲಿನ ಆಚೆ ನೇಕಾರರ ಪೇಟೆ. ಈಚೆ, ಹೊಳೆ ತಿರುಗುವಲ್ಲಿ, ಒಂದು ಆಶ್ರಮ. ಆಜ್ಞೆಯ ಓಲೆ ಆಶ್ರಮಕ್ಕೆ ಬಂತು. ಪೇಟೆಯಲ್ಲಿ ಅದನ್ನು ಓದಬಲ್ಲವರು ಇರಲಿಲ್ಲ. ಗುರು ಓದಿ, ಪಕ್ಕದಲ್ಲಿ ನಿಂತಿದ್ದ ಶಿಷ್ಯನ ಕಡೆ ನೋಡಿದರು.

ಶಿಷ್ಯನ ಹೆಸರು ಸೋಮಿದೇವ. ಹನ್ನೆರಡು ವರ್ಷ ಓದಿದವನು. ಕ್ಷೇತ್ರಗಣಿತ ಬಲ್ಲ, ವೃಕ್ಷಶಾಸ್ತ್ರ ಬಲ್ಲ, ತಾನು ಬಲ್ಲೆನೆಂಬುದನ್ನೂ ಬಲ್ಲ. ಓದು ಮುಗಿದಿತ್ತು. ಗುರು 'ಹೋಗು' ಎನ್ನುವುದೊಂದು ಬಾಕಿ ಇತ್ತು. ಆ ಮಾತು ಬಂದ ದಿನ ಅವನೂ ಗುರುವಾಗಬಹುದು. ಅದಕ್ಕಾಗಿ ಒಂದು ವರ್ಷದಿಂದ ಕಾಯುತ್ತಿದ್ದ.

"ಈ ಕೆಲಸವನ್ನು ನನಗೆ ಕೊಡಿ, ಗುರುಗಳೇ."

"ಬಯಲನ್ನು ನೋಡಿದ್ದೀಯಾ?"

"ನಾಳೆಯೇ ಅಳೆಯುತ್ತೇನೆ."

"ನಾನು ಕೇಳಿದ್ದು ಅದಲ್ಲ," ಎಂದರು ಗುರು. ಆದರೂ ಓಲೆಯನ್ನು ಅವನ ಕೈಗಿತ್ತರು.

*

ಆಶ್ರಮದಲ್ಲಿ ಬೆಳಗಿನ ಹೊತ್ತು ಪಾಠದ ಹೊತ್ತು. ಸೂರ್ಯ ನೆತ್ತಿಗೆ ಬರುವ ತನಕ ಯಾರೂ ಮಣೆ ಬಿಟ್ಟು ಏಳುವಂತಿಲ್ಲ. ಆದ್ದರಿಂದ ಸೋಮಿದೇವ ಬಯಲಿಗೆ ಹೋದದ್ದು ಮಧ್ಯಾಹ್ನ. ಹತ್ತು ದಿನ ಹೋದ. ಹತ್ತೂ ದಿನ ಮಧ್ಯಾಹ್ನವೇ.

ಬಯಲಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಹಗ್ಗ ಹಿಡಿದು ಉದ್ದ ಅಳೆದ, ಅಗಲ ಅಳೆದ. ನೆಲದಲ್ಲಿ ತೂತುಗಳಿದ್ದವು, ಮುಷ್ಟಿ ಹೋಗುವಷ್ಟು ಅಗಲ. ಮೂರು ನೇರ ಸಾಲು. ಎಂಟೆಂಟು ಮೊಳಕ್ಕೊಂದು ತೂತು. ಸೋಮಿದೇವ ನಿಖರವಾದ ಮನುಷ್ಯ. ಒಂದೊಂದಕ್ಕೂ ನಕ್ಷೆಯಲ್ಲಿ ಒಂದೊಂದು ಚುಕ್ಕಿ ಇಟ್ಟ. ಪಕ್ಕದಲ್ಲಿ 'ಇಲಿಬಿಲ' ಎಂದು ಬರೆದ. ಆಮೇಲೆ ಎಲ್ಲಕ್ಕೂ ಕಲ್ಲು ತುಂಬಿಸಿ ಮುಚ್ಚಿಸಿದ.

ನಕ್ಷೆ ಚೆಂದವಿತ್ತು. ಹತ್ತು ಸಾಲು, ಸಾಲಿಗೆ ಹತ್ತು ಗಿಡ. ಅಡ್ಡ ನೋಡಿದರೂ ನೇರ, ಉದ್ದ ನೋಡಿದರೂ ನೇರ, ಮೂಲೆಯಿಂದ ಮೂಲೆಗೆ ನೋಡಿದರೂ ನೇರ. ಸುತ್ತಲೂ ಮುಳ್ಳಿನ ಬೇಲಿ.

ಗುರು ನಕ್ಷೆಯನ್ನು ಬಹಳ ಹೊತ್ತು ನೋಡಿದರು. ಚುಕ್ಕಿಗಳ ಮೇಲೆ ಬೆರಳಿಟ್ಟರು.

"ಇವೇನು?"

"ಇಲಿಬಿಲಗಳು. ಮುಚ್ಚಿಸಿದ್ದೇನೆ."

"ಎಂಟೆಂಟು ಮೊಳಕ್ಕೊಂದು?"

"ಹೌದು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ."

"ಇಲಿಗಳು ಯಾರ ಬಳಿ ಗಣಿತ ಕಲಿತವು?"

ಗುರು ವಿನೋದ ಮಾಡುತ್ತಿದ್ದಾರೆಂದು ಸೋಮಿದೇವ ಮುಗುಳ್ನಕ್ಕ. ಗುರು ನಗಲಿಲ್ಲ.

*

ಆಷಾಢದ ಮೊದಲ ಮಳೆ ಬಿದ್ದ ಮಧ್ಯಾಹ್ನ ಆಶ್ರಮದ ಶಿಷ್ಯರೆಲ್ಲ ಸೇರಿ ನೂರು ಗಿಡ ನೆಟ್ಟರು. ಹೊಂಗೆ, ನಡುನಡುವೆ ಬೇವು.

ಮೂರನೆಯ ದಿನ ಪಾಠ ಮುಗಿಸಿ ಎದ್ದಾಗ ಆಶ್ರಮದ ಬಾಗಿಲಲ್ಲಿ ಮೂವತ್ತು ಗಿಡಗಳು ಮಲಗಿದ್ದವು. ಒಂದೊಂದರ ಬೇರಿಗೂ ಒದ್ದೆ ಬಟ್ಟೆ ಸುತ್ತಿತ್ತು.

ಸೋಮಿದೇವ ಬಯಲಿಗೆ ಓಡಿದ. ಬೇಲಿ ಎರಡು ಕಡೆ ತೆರೆದಿತ್ತು. ಮೂರು ಸಾಲು ಖಾಲಿ. ಉಳಿದ ಎಪ್ಪತ್ತು ಗಿಡಗಳ ಒಂದು ಎಲೆಯೂ ಮುರಿದಿರಲಿಲ್ಲ. ಅದನ್ನು ಅವನು ಗಮನಿಸಲಿಲ್ಲ. ಸಿಟ್ಟು ಖಾಲಿ ಸಾಲನ್ನು ಮಾತ್ರ ಎಣಿಸುತ್ತದೆ.

"ಕಿತ್ತು ತಂದು ಎಸೆದದ್ದನ್ನು ನಾನು ಎತ್ತಿಕೊಳ್ಳುವುದಿಲ್ಲ," ಎಂದು ಜೊತೆಯವರಿಗೆ ಹೇಳಿದ. ಗಿಡಗಳು ಬಾಗಿಲಲ್ಲೇ ಬಿಸಿಲಿಗೆ ಬಿದ್ದಿದ್ದವು. ಸಂಜೆ ನೋಡಿದರೆ ಒಂದೂ ಇರಲಿಲ್ಲ. ದನ ತಿಂದಿರಬೇಕು ಎಂದುಕೊಂಡ.

ಮತ್ತೆ ಮೂವತ್ತು ನೆಡಿಸಿದ. ಮತ್ತೆ ಮೂರನೆಯ ದಿನ ಬಾಗಿಲಲ್ಲಿ ಮೂವತ್ತು ಗಿಡ, ಮೂವತ್ತು ಒದ್ದೆ ಬಟ್ಟೆ.

ಅವನು ಗುರುವಿನ ಬಳಿಗೆ ಹೋದ.

"ಈ ಜನಕ್ಕೆ ತೋಪು ಬೇಕಿಲ್ಲ, ಗುರುಗಳೇ. ಇವರಿಗೆ ಲಾಯವೇ ತಕ್ಕದ್ದು."

"ಯಾರು ಹೇಳಿದರು?"

"ಹೇಳಬೇಕೇ? ಎರಡು ಬಾರಿ ಕಿತ್ತಿದ್ದಾರೆ. ಕಾವಲು ಹಾಕಿಸೋಣ. ಕೇಳಿದರೆ ಅಮಲ್ದಾರರು ನಾಲ್ವರು ಸಿಪಾಯಿಗಳನ್ನು ಕೊಟ್ಟಾರು."

ಗುರು ಎದ್ದು ಬಾಗಿಲಿಗೆ ಬಂದರು. ಒಂದು ಗಿಡವನ್ನು ಎತ್ತಿಕೊಂಡು, ಬೇರಿನ ಬಟ್ಟೆ ಬಿಚ್ಚಿ, ಬಟ್ಟೆಯನ್ನು ಶಿಷ್ಯನ ಅಂಗೈಯಲ್ಲಿಟ್ಟರು.

"ಹೇಗಿದೆ?"

"ಒದ್ದೆಯಾಗಿದೆ."

"ಶತ್ರು ಗಿಡ ಕೀಳುತ್ತಾನೆ, ಸರಿ. ಕಿತ್ತ ಮೇಲೆ ಬೇರು ಒಣಗದಂತೆ ನೋಡಿಕೊಳ್ಳುವ ಶತ್ರು ಯಾವನು?"

ಉತ್ತರ ಹೊಳೆಯದಾಗ ಕೋಪ ಬರುವುದು ಓದಿದವರ ಹಳೆಯ ರೋಗ. ಸೋಮಿದೇವನ ಕಿವಿ ಕೆಂಪಾಯಿತು.

"ನಾಳೆಯಿಂದ ನಿನಗೆ ಬೆಳಗಿನ ಪಾಠವಿಲ್ಲ," ಎಂದರು ಗುರು.

ಕಿವಿಯ ಕೆಂಪು ಇಳಿಯಿತು. ಹನ್ನೆರಡು ವರ್ಷದಲ್ಲಿ ಗುರು ಆ ಮಾತನ್ನು ಒಬ್ಬನಿಗೆ ಮಾತ್ರ ಹೇಳಿದ್ದರು. ಅವನು ಮರುದಿನ ಗಂಟು ಕಟ್ಟಿದ್ದ.

"ನಾನು ಮಾಡಿದ ತಪ್ಪೇನು?"

"ಕೋಳಿ ಕೂಗುವ ಹೊತ್ತಿಗೆ ಬಯಲಿಗೆ ಹೋಗು. ಅಲ್ಲಿ ಯಾರಿಗಾದರೂ ಕೈ ಬೇಕಿದ್ದರೆ ಕೊಡು. ಬಾಯನ್ನು ಆಶ್ರಮದಲ್ಲೇ ಬಿಟ್ಟು ಹೋಗು."

*

ಬಯಲು ತುಂಬ ಜನ.

ಸೋಮಿದೇವ ಬೇಲಿಯ ಪಕ್ಕದಲ್ಲಿ ನಿಂತ. ಬಾಯನ್ನು ಆಶ್ರಮದಲ್ಲೇ ಬಿಟ್ಟು ಬಂದದ್ದು ಒಳ್ಳೆಯದೇ ಆಯಿತು.

ನೇಕಾರರು ನೂಲಿನ ಹಾಸುಗಳನ್ನು ಹೆಗಲ ಮೇಲೆ ಹೊತ್ತು ತರುತ್ತಿದ್ದರು. ಮಗ್ಗಕ್ಕೆ ಏರಬೇಕಾದ ಉದ್ದನೆಯ ಎಳೆಗಳು. ಒಂದೊಂದು ಹಾಸೂ ನಲವತ್ತು ಮೊಳ. ನೆಲದಲ್ಲಿ ಗೂಟ ನೆಟ್ಟು, ಬಿದಿರಿನ ಕವೆಗಳನ್ನು ನಿಲ್ಲಿಸಿ, ಅವುಗಳ ಮೇಲೆ ಹಾಸನ್ನು ತಂತಿಯಂತೆ ಬಿಗಿದು ಕಟ್ಟಿದರು. ಆಮೇಲೆ ಎರಡು ಕಡೆಯಿಂದ ಇಬ್ಬರು, ಗಂಜಿಯಲ್ಲಿ ಅದ್ದಿದ ಕುಂಚ ಹಿಡಿದು, ಎಳೆಗಳ ಮೇಲೆ ಎಳೆಯುತ್ತ ಈ ತುದಿಯಿಂದ ಆ ತುದಿಗೆ ಹೆಜ್ಜೆ ಹಾಕಿದರು. ಗಂಜಿ ಕುಡಿಯದ ನೂಲು ಮಗ್ಗದ ಪೆಟ್ಟಿಗೆ ತಾಳುವುದಿಲ್ಲ. ಗಂಜಿ ನಿಧಾನವಾಗಿ ಒಣಗಬೇಕು. ಬಿಸಿಲು ಏರಿದರೆ ಎಳೆ ಕಡ್ಡಿಯಂತಾಗಿ ಮುರಿಯುತ್ತದೆ.

"ನಿಂತಿದೀರಲ್ಲ, ಆ ತುದಿ ಹಿಡ್ಕಳಿ," ಎಂದು ಒಬ್ಬ ಕೂಗಿದ. ನೇಕಾರರ ಹಿರಿಯ ಕದಿರಪ್ಪ. ಹತ್ತಿರ ಬಂದು ಗುರುತು ಹಿಡಿದ. "ಓ, ಆಶ್ರಮದ ಸಣ್ಣಯ್ನೋರು. ಇವತ್ತು ಪಾಠ ಇಲ್ವಾ?"

ಸೋಮಿದೇವ ತುದಿ ಹಿಡಿದ.

ಬಿಸಿಲು ಬಂತು. ಒಂದು ಎಳೆ ಕಡಿಯಿತು. ಕದಿರಪ್ಪ ಬೈದು ಗಂಟು ಹಾಕಿದ. ಇನ್ನೊಂದು ಕಡಿಯಿತು, ಇನ್ನೊಂದು ಬೈಗುಳ, ಇನ್ನೊಂದು ಗಂಟು. ಸೂರ್ಯ ಮಾರುದ್ದ ಏರುವಷ್ಟರಲ್ಲಿ ಎಲ್ಲರೂ ಹಾಸು ಸುತ್ತಿಕೊಂಡು, ಗೂಟ ಕಿತ್ತುಕೊಂಡು, ಮನೆಗೆ ಹೋದರು.

ಬಯಲು ಖಾಲಿ. ಹತ್ತು ಮಧ್ಯಾಹ್ನ ಅವನು ಕಂಡಿದ್ದ ಬಯಲು. ನೆಲದಲ್ಲಿ ತೂತುಗಳು ಉಳಿದವು, ಎಂಟೆಂಟು ಮೊಳಕ್ಕೊಂದು.

ಸೋಮಿದೇವ ಕುಳಿತು ಒಂದು ತೂತಿನೊಳಗೆ ಮುಷ್ಟಿ ಇಟ್ಟ. ಬಹಳ ಹೊತ್ತು ತೆಗೆಯಲಿಲ್ಲ.

*

ಹನ್ನೊಂದು ದಿನ ತುದಿ ಹಿಡಿದ. ಹನ್ನೆರಡನೆಯ ದಿನ ಬಾಯಿ ತೆರೆದ.

"ಕದಿರಪ್ಪನವರೇ, ನಿಮಗೆ ನೆರಳು ಬೇಡವೇ?"

ಕದಿರಪ್ಪ ಕುಂಚ ನಿಲ್ಲಿಸಿ, ಒಲೆಯ ಮುಂದೆ ಗಂಜಿ ತಿರುವುತ್ತಿದ್ದ ಮುದುಕಿಯ ಕಡೆ ತಿರುಗಿದ. "ಕೇಳಿದ್ಯಾ ಸಣ್ಣೀರವ್ವ? ನೇಕಾರಿಗೆ ನೆರಳು ಬೇಡವೇ ಅಂತಾರೆ."

"ಬಿಸಿಲಿಗೆ ಎಳೆ ಕಡಿದಾಗೆಲ್ಲ ಬೈತೀಯಲ್ಲ," ಎಂದಳು ಸಣ್ಣೀರವ್ವ, "ಬೈಗುಳಕ್ಕೊಂದು ಗಿಡ ನೆಟ್ಟಿದ್ರೆ ಇಷ್ಟೊತ್ತಿಗೆ ಇಲ್ಲಿ ಹುಲಿ ಇರೋದು."

"ಮತ್ತೆ ಗಿಡ ಕಿತ್ತದ್ದೇಕೆ?"

"ಹಾಸು ಎಳೆಯೋ ಜಾಗದಲ್ಲಿ ನೆಟ್ರಲ್ಲ. ನಲವತ್ತು ಮೊಳದ ನೂಲು ಗಿಡ ಕಂಡ ಕಡೆ ಸೊಂಟ ಬಳುಕಿಸ್ಕೊಂಡು ಹೋಗ್ತದಾ ಸಣ್ಣಯ್ನೋರೆ? ಗೂಟದ ತೂತಿಗೆ ಬೇರೆ ಯಾರೋ ಪುಣ್ಯಾತ್ಮ ಕಲ್ಲು ತುಂಬಿದ್ದ. ಮೂರು ದಿನ ಅಗೆದ್ವಿ."

"ನನಗೆ ಹೇಳಬಾರದಿತ್ತೇ?"

"ಹೇಳೋಕೆ ಬಂದ್ವಿ. ಎರಡು ಸಲಾನೂ. ಪಾಠ ನಡೀತಿದೆ, ಮಾತಾಡೋ ಹಾಗಿಲ್ಲ ಅಂದ್ರು. ಗಿಡ ಬಾಗಿಲಲ್ಲಿ ಇಟ್ಟು ಬಂದ್ವಿ. ಬೇರೆ ಕಡೆ ನೆಡ್ಲಿ ಅಂತ ಬೇರಿಗೆ ಬಟ್ಟೆನೂ ಸುತ್ತಿದ್ವಿ. ನೋಡಿದ್ರೆ ತಿಳೀತದೆ ಅಂದ್ಕೊಂಡ್ವಿ."

"ಓದಿದೋರು ಅಂತ," ಎಂದಳು ಸಣ್ಣೀರವ್ವ, ಗಂಜಿಯಿಂದ ತಲೆ ಎತ್ತದೆ.

ಸೋಮಿದೇವ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಕಲ್ಲು ತುಂಬಿಸಿದವನು ನಾನು. ಇಲಿಬಿಲ ಎಂದುಕೊಂಡಿದ್ದೆ."

ಕದಿರಪ್ಪ ಬಯಲಿಗೆಲ್ಲ ಕೇಳುವಂತೆ ಕೂಗಿದ: "ಕೇಳ್ರಪ್ಪೋ, ನಾವು ಇಲಿಗಳಂತೆ."

ನಗು ಒಂದು ಹಾಸಿನಿಂದ ಇನ್ನೊಂದು ಹಾಸಿಗೆ ಹೋಯಿತು. ಮರುದಿನದಿಂದ ಅದೇ ಮಾತು. "ಬನ್ನಿ ಸಣ್ಣಯ್ನೋರೆ, ಇಲಿಗಳು ಕಾಯ್ತಾ ಇದಾವೆ, ತುದಿ ಹಿಡೀರಿ."

*

ಸೋಮಿದೇವ ಹೊಸ ನಕ್ಷೆ ಬರೆದ. ನಾಲ್ಕು ಉದ್ದ ಸಾಲು. ಸಾಲಿಗೆ ಇಪ್ಪತ್ತೈದು ಗಿಡ, ಎಂಟು ಮೊಳಕ್ಕೊಂದು. ಸಾಲುಗಳ ನಡುವೆ ಹಾಸು ಎಳೆಯಲು ಮೂರು ಓಣಿ. ಗಿಡ ಬೆಳೆದರೆ ನೂಲಿನ ಮೇಲೆ ನೆರಳು ತಾನಾಗಿ ಬೀಳುತ್ತದೆ.

ಗುರು ನೋಡಿದರು.

"ಬಯಲಿನವರಿಗೆ ತೋರಿಸಿದೆಯಾ?"

"ಅವರಿಗೆ ಓದಲು ಬಾರದು."

"ಅವರಿಗೆ ಏನು ಬರುತ್ತದೆಯೋ ಅದರಲ್ಲಿ ಬರೆ," ಎಂದು ಓಲೆಯನ್ನು ಹಿಂದಕ್ಕೆ ಕೊಟ್ಟರು.

ಅವನು ಒಂದು ದಿನ ಯೋಚಿಸಿದ. ಮರುದಿನ ಬೆಳಿಗ್ಗೆ ಕದಿರಪ್ಪನ ಬಳಿ ಹಾಳು ನೂಲು ಕೇಳಿದ. ಬಯಲಿನ ಮೇಲೆ, ನಿಜವಾದ ಅಳತೆಯಲ್ಲಿ, ಗಿಡದ ಸಾಲು ಬರುವ ಕಡೆಯಲ್ಲೆಲ್ಲ ಗೂಟದಿಂದ ಗೂಟಕ್ಕೆ ನೂಲು ಎಳೆಯಲು ತೊಡಗಿದ.

"ನಿಮ್ಮ ನೂಲು ಜೋಲ್ತಾ ಇದೆ," ಎಂದು ಕದಿರಪ್ಪ ಅವನ ಕೈಯಿಂದ ಕಿತ್ತುಕೊಂಡ. "ಇದು ನಮ್ಮ ಕೆಲಸ. ನೀವು ಗೂಟ ಹಿಡೀರಿ."

ಮೂರು ದಿನ ಆ ನಕ್ಷೆ ಬಯಲಿನಲ್ಲಿತ್ತು. ಎಲ್ಲರೂ ಅದರೊಳಗೆ ನಡೆದಾಡಿದರು. ಹೊಳೆಗೆ ಹೋಗುವ ಎಮ್ಮೆಗಳು ಒಂದು ಮೂಲೆಯ ನೂಲನ್ನು ಕಡಿದುಕೊಂಡು ಹೋದವು. ಅಲ್ಲಿ ಸಾಲನ್ನು ಒಳಗೆ ಸರಿಸಿದರು. ಬುತ್ತಿ ತಂದ ಹೆಂಗಸರು ಎರಡು ಕಡೆ ನೂಲು ಎತ್ತಿ ನುಸುಳಿದರು. ಅಲ್ಲಿ ದಾರಿ ಬಿಟ್ಟರು. ಸಣ್ಣೀರವ್ವ ನೂಲನ್ನು ಎತ್ತಲೂ ಇಲ್ಲ, ನುಸುಳಲೂ ಇಲ್ಲ, ನಿಂತಳು.

"ಇದು ನನ್ನ ಒಲೆ. ಒಲೆ ಮೇಲೆ ಹೊಂಗೆ ಬೆಳೀತೀರಾ?"

ಸಾಲು ಒಲೆಯನ್ನು ಬಳಸಿ ಹೋಯಿತು. ಅಲ್ಲಿ ಸ್ವಲ್ಪ ಸೊಟ್ಟಗಾಯಿತು. ಸೊಟ್ಟ ಕಂಡಾಗಲೆಲ್ಲ ಸೋಮಿದೇವ ಬೇರೆ ಕಡೆ ನೋಡಿದ. ನಾಲ್ಕನೆಯ ದಿನ ಯಾರೂ ನೂಲನ್ನು ಮುಟ್ಟಲಿಲ್ಲ. ಅಷ್ಟರಲ್ಲಿ ಅವನಿಗೆ ಸೊಟ್ಟ ಅಭ್ಯಾಸವಾಗಿತ್ತು.

ಶ್ರಾವಣದಲ್ಲಿ ನೆಟ್ಟರು. ಮೊದಲು ನೆಟ್ಟು ಉಳಿದಿದ್ದ ಎಪ್ಪತ್ತನ್ನು ಮಣ್ಣಿನ ಸಮೇತ ಎತ್ತಿ ಹೊಸ ಸಾಲಿಗೆ ತಂದರು. ಕಡಿಮೆ ಬಿದ್ದ ಮೂವತ್ತಕ್ಕೆ, ಎರಡನೆಯ ಸಲ ಬಾಗಿಲಿಗೆ ಬಂದಾಗ ಗುರು ಆಶ್ರಮದ ಸಸಿಮಡಿಯಲ್ಲಿ ನೆಡಿಸಿಟ್ಟಿದ್ದ ಗಿಡಗಳನ್ನು ತಂದರು. ಅಲ್ಲಿಗೆ ಸಸಿಮಡಿ ಬರಿದಾಯಿತು. ಈ ಸಲ ಗುಂಡಿ ತೋಡಿದವರು ನೇಕಾರರು.

"ಬೇಲಿ?" ಎಂದ ಸೋಮಿದೇವ.

"ಯಾರಿಂದ ಕಾಯೋಕೆ?" ಎಂದ ಕದಿರಪ್ಪ. "ಇಲಿಗಳಿಂದಾನಾ?"

*

ಮಾಘದಲ್ಲಿ ನೆಲ ಬಿರಿಯಿತು.

ಸೋಮಿದೇವ ನೀರಿಗೆ ಸರದಿ ಮಾಡಿದ್ದ. ದಿನಕ್ಕೆ ನಾಲ್ಕು ಮನೆ. ಮನೆಗೆ ಇಪ್ಪತ್ತೈದು ಗಿಡ. ಯಾರೂ ಒಲ್ಲೆ ಎನ್ನಲಿಲ್ಲ. ಆದರೆ ವೈಶಾಖದಲ್ಲಿ ಅರಮನೆಯಲ್ಲಿ ಮದುವೆ. ಪೇಟೆಯ ಪ್ರತಿ ಮಗ್ಗಕ್ಕೂ ಸೀರೆ ಹೇಳಿ ಕಳಿಸಿದ್ದರು. ಜನ ಕುಳಿತಲ್ಲೇ ಉಂಡು ನೇಯುತ್ತಿದ್ದರು. ಸರದಿ ಬಂದ ಮನೆ 'ನಾಳೆ' ಎನ್ನುತ್ತಿತ್ತು. ನಾಳೆ ಬೇರೆಯವರ ಸರದಿ.

ಹನ್ನೊಂದು ಗಿಡ ಒಣಗಿದವು.

"ಇವರ ಮಾತಿಗೆ ನೆಲೆಯಿಲ್ಲ, ಗುರುಗಳೇ. ಒಪ್ಪುತ್ತಾರೆ, ಮಾಡುವುದಿಲ್ಲ."

ಮರುದಿನ ಬೆಳಿಗ್ಗೆ ಗುರು ತಾವೇ ಬಯಲಿಗೆ ಬಂದರು. ಯಾರಿಗೂ ಏನೂ ಹೇಳಲಿಲ್ಲ. ಸಣ್ಣೀರವ್ವನ ಒಲೆಯ ಪಕ್ಕದಲ್ಲಿ ಒಂದು ಮಾರು ಜಾಗ ಹಸಿರಾಗಿತ್ತು. ಗರಿಕೆ ಪಾದ ಮುಚ್ಚುವಷ್ಟು ಬೆಳೆದಿತ್ತು. ಗುರು ಅದರ ಮುಂದೆ ನಿಂತರು.

"ಈ ಹುಲ್ಲಿಗೆ ನೀರು ಹಾಕುವ ಸರದಿ ಯಾರದು?"

"ಯಾರದೂ ಅಲ್ಲ," ಎಂದ ಸೋಮಿದೇವ. "ಕೆಲಸ ಮುಗಿದ ಮೇಲೆ ಎಲ್ಲರೂ ಕುಂಚ, ಮಡಕೆ ತೊಳೆದು ಇಲ್ಲಿ ಚೆಲ್ಲುತ್ತಾರೆ."

"ದಿನವೂ?"

"ದಿನವೂ. ಗಂಜಿ ಒಣಗಿದರೆ ಕುಂಚ ಕೆಡುತ್ತದೆ. ಮನೆಗೊಂದು ಕೊಡ ನೀರು ತಂದೇ ಇರುತ್ತಾರೆ."

ಹೇಳುತ್ತ ಹೇಳುತ್ತ ಅವನ ದನಿ ಸಣ್ಣದಾಯಿತು.

ಗುರು ಬಗ್ಗಿ ಗಂಜಿಯ ಮಡಕೆಯನ್ನು ಎತ್ತಿಕೊಂಡರು. ಹತ್ತು ಹೆಜ್ಜೆ ನಡೆದು, ಒಂದು ಹೊಂಗೆಯ ಬುಡದಲ್ಲಿ ಕುಳಿತು, ಅದನ್ನು ತೊಳೆಯತೊಡಗಿದರು.

"ಬುದ್ಧಿ, ನೀವು ಮಡಕೆ ತೊಳೆಯೋದಾ? ಕೈಗೆ ಗಂಜಿ ಅಂಟ್ತದೆ," ಎಂದಳು ಸಣ್ಣೀರವ್ವ.

"ಅಂಟಲಿ."

ಬಯಲು ನೋಡುತ್ತಿತ್ತು. ಆ ದಿನದಿಂದ ಪ್ರತಿ ಹಾಸಿನವರೂ ತಮ್ಮ ಗೂಟದ ಪಕ್ಕದ ಗಿಡದ ಬುಡದಲ್ಲೇ ಕುಂಚ ತೊಳೆದರು. ಸೋಮಿದೇವ ಸರದಿಯ ಓಲೆಯನ್ನು ಹರಿದ. ಮತ್ತೆ ಒಂದು ಗಿಡವೂ ಒಣಗಲಿಲ್ಲ.

"ಇಷ್ಟು ಹತ್ತಿರದಲ್ಲಿದ್ದದ್ದು ನನಗೆ ಕಾಣಲಿಲ್ಲವೇಕೆ?"

"ನೀನು ನೀರು ಹಾಕುವವರನ್ನು ಹುಡುಕುತ್ತಿದ್ದೆ," ಎಂದರು ಗುರು. "ಅವರು ಕುಂಚ ತೊಳೆಯುವವರು."

*

ಯುಗಾದಿಗೆ ಹದಿನೈದು ದಿನ.

"ಎಂಬತ್ತೊಂಬತ್ತು ಇವೆ, ಗುರುಗಳೇ. ಸಸಿಮಡಿ ಬರಿದಾಗಿದೆ. ಬೀಜ ಬಿತ್ತಿದರೆ ಹೊತ್ತಿಲ್ಲ."

"ಯಾರಿಗೆ ಹೇಳಿದ್ದೀಯ?"

"ನಿಮಗೆ ಮಾತ್ರ."

"ನನಗೆ ಹಿತ್ತಲಿಲ್ಲ," ಎಂದರು ಗುರು.

ಅದರ ಅರ್ಥ ಅವನಿಗೆ ತಿಳಿಯಲಿಲ್ಲ. ತಿಳಿಯದೆ ತನ್ನದೇ ದಾರಿ ಹುಡುಕಿದ.

"ಯುಗಾದಿಯ ದಿನ ಎಲ್ಲರ ಕೈಯಲ್ಲೂ ಬೇವಿನ ಕೊಂಬೆ ಇರುತ್ತದೆ. ಹನ್ನೊಂದು ಕೊಂಬೆ ನೆಟ್ಟು ನಿಲ್ಲಿಸಿದರೆ ಅಮಲ್ದಾರನಿಗೆ ತಿಳಿಯುವುದಿಲ್ಲ. ಅವನು ಕುದುರೆಯಿಂದ ಇಳಿಯುವವನಲ್ಲ."

"ಕೊಂಬೆ ಎಷ್ಟು ದಿನ ಹಸಿರು?"

"ಮೂರು ದಿನ."

"ಆಮೇಲೆ ಅದರ ಕೆಳಗೆ ಹಾಸು ಎಳೆಯುವವರು ಯಾರು? ಅಮಲ್ದಾರನೇ?"

ಸೋಮಿದೇವ ಹದಿನೈದು ದಿನ ಬೇರೆ ಯಾರಿಗೂ ಹೇಳಲಿಲ್ಲ. ತುದಿ ಹಿಡಿದ, ಕುಂಚ ತೊಳೆದ, ಗಿಡ ಎಣಿಸಿದ. ಎಷ್ಟು ಸಲ ಎಣಿಸಿದರೂ ಎಂಬತ್ತೊಂಬತ್ತೇ.

*

ಊರಿಗೆ ಹಬ್ಬ. ಅರಮನೆಯ ಸೀರೆಗಳಿಗೆ ಹಬ್ಬವಿಲ್ಲ. ಆ ಬೆಳಿಗ್ಗೆಯೂ ಬಯಲಿನಲ್ಲಿ ಹಾಸು ಬಿಗಿದಿತ್ತು.

ಅಮಲ್ದಾರ ಕುದುರೆಯ ಮೇಲೆ ಬಂದ. ಹಿಂದೆ ಇಬ್ಬರು ಸಿಪಾಯಿಗಳು. ಒಬ್ಬನ ತಲೆಯ ಮೇಲೆ ಸುಣ್ಣದ ಬುಟ್ಟಿ. ಗೋಡೆಯ ಗೆರೆ ಎಳೆಯಲು ಅವನು ಸಿದ್ಧನಾಗಿಯೇ ಬಂದಿದ್ದ.

"ಗಿಡದ ಹೊಣೆ ಯಾರದು?"

"ನನ್ನದು," ಎಂದ ಸೋಮಿದೇವ.

"ಎಷ್ಟು?"

ಅಮಲ್ದಾರನಿಗೆ ಹಬ್ಬದ ಊಟಕ್ಕೆ ಮನೆ ಸೇರುವ ಅವಸರವಿತ್ತು. ನೂರು ಎಂದರೆ ಕುದುರೆಯ ಮೇಲಿಂದ ಒಮ್ಮೆ ಕಣ್ಣು ಹಾಯಿಸಿ ಹೋಗಿಬಿಡುತ್ತಿದ್ದ. ಅದು ಇಬ್ಬರಿಗೂ ಗೊತ್ತಿತ್ತು.

ಸೋಮಿದೇವ ಅಮಲ್ದಾರನಿಗೆ ಬೆನ್ನು ಮಾಡಿ ಬಯಲಿನ ಕಡೆ ತಿರುಗಿದ.

"ಎಂಬತ್ತೊಂಬತ್ತು," ಎಂದ, ಎಲ್ಲರಿಗೂ ಕೇಳುವಂತೆ. "ಹನ್ನೊಂದು ಗಿಡ ಒಣಗಿವೆ. ನಾನು ಮಾಡಿದ ಸರದಿ ತಪ್ಪಿತ್ತು. ಕಡಿಮೆಯಿರುವುದು ನನಗೆ ಗೊತ್ತಿತ್ತು. ನಿಮಗೆ ಹೇಳಲಿಲ್ಲ."

"ಸುಣ್ಣ ಹಾಕು," ಎಂದ ಅಮಲ್ದಾರ ಸಿಪಾಯಿಗೆ.

ಕುಂಚಗಳು ನಿಂತವು.

"ಹನ್ನೊಂದೇನಾ?" ಎಂದಳು ಸಣ್ಣೀರವ್ವ.

"ಹೌದವ್ವ."

"ಇದಕ್ಕಾ ಹದಿನೈದು ದಿನದಿಂದ ಕಾಲು ಸುಟ್ಟ ಬೆಕ್ಕಿನ ಹಾಗೆ ತಿರುಗ್ತಿದ್ದದ್ದು? ಒಣಗಿದ್ದು ನಮಗೂ ಕಾಣ್ತಿತ್ತು. ನಿಮ್ಮ ಸಸಿಮಡೀಲಿ ಬೇರೆ ಇರ್ತಾವೆ ಅಂದ್ಕೊಂಡಿದ್ವಿ." ಅವಳು ಸೌಟನ್ನು ಮಡಕೆಯಲ್ಲಿ ಬಿಟ್ಟು ಎದ್ದಳು. "ನಮ್ಮ ಹಿತ್ತಲಲ್ಲಿ ಆರು ಇದಾವೆ."

"ಆರು ಏನು?"

"ಗಿಡ. ನಿಮ್ಮ ಬಾಗಿಲಲ್ಲಿ ಬಿಸಿಲಿಗೆ ಬಿಟ್ಟಿದ್ರಲ್ಲ, ಅವೇ. ಜೀವ ಇರೋದನ್ನ ನೋಡಿ ಬಿಟ್ಟು ಬರೋಕಾಗ್ಲಿಲ್ಲ. ನಾನಷ್ಟು ತಂದೆ, ಇವರಷ್ಟು ತಂದ್ರು."

"ನಮ್ಮಲ್ಲಿ ಐದು," ಎಂದಿತು ಒಂದು ದನಿ. "ನಮ್ಮಲ್ಲಿ ನಾಲ್ಕಿದ್ವು, ಆಡು ಒಂದನ್ನ ತಿಂತು," ಎಂದಿತು ಇನ್ನೊಂದು.

ಸೋಮಿದೇವನಿಗೆ ಗುರುವಿನ ಮಾತು ಆಗ ಅರ್ಥವಾಯಿತು. ಹಿತ್ತಲಿದ್ದವರು ಇಡೀ ಬಯಲಿನಲ್ಲಿದ್ದರು. ಅವನು ಹಿತ್ತಲಿಲ್ಲದ ಗುರುವಿಗೆ ಮಾತ್ರ ಹೇಳಿದ್ದ.

"ಹಿತ್ತಲು ಬಯಲಲ್ಲ," ಎಂದ ಅಮಲ್ದಾರ. "ಆಜ್ಞೆ ಬಯಲಿನ ಗಿಡದ್ದು. ಸುಣ್ಣ ಹಾಕು ಅಂದೆ." ಕುದುರೆಯನ್ನು ಮುಂದಕ್ಕೆ ಬಿಟ್ಟ.

ಮುಂದೆ ಹಾಸು ಇತ್ತು. ಬಯಲಿನ ಈ ತುದಿಯಿಂದ ಆ ತುದಿಯ ತನಕ, ಒಂದರ ಹಿಂದೆ ಒಂದು, ಎದೆಯೆತ್ತರಕ್ಕೆ ಬಿಗಿದ ಹಸಿ ನೂಲು.

"ದಾಟಿ ಸ್ವಾಮಿ," ಎಂದ ಕದಿರಪ್ಪ, ಕುಂಚ ಹಿಡಿದುಕೊಂಡೇ ಪಕ್ಕಕ್ಕೆ ಸರಿದು. "ಅರಮನೆ ಮದುಮಗಳ ಸೀರೆ. ಹರಿದದ್ದು ಯಾರ ಕುದುರೆ ಅಂತ ಕೇಳಿದ್ರೆ ಹೇಳಬೇಕಾಗ್ತದೆ. ಅಷ್ಟೆ."

ಕುದುರೆ ನಿಂತಿತು.

"ಇದನ್ನು ಯಾವಾಗ ತೆಗೆಯುತ್ತೀರಿ?"

"ಗಂಜಿ ಒಣಗಿದ ಮೇಲೆ."

"ಯಾವಾಗ ಒಣಗುತ್ತದೆ?"

ಕದಿರಪ್ಪ ಆಕಾಶ ನೋಡಿದ. "ಗಂಜಿಗೆ ಆಜ್ಞೆ ಓದೋಕೆ ಬರಲ್ಲ, ಸ್ವಾಮಿ."

ಅಷ್ಟರಲ್ಲಿ ಹೆಂಗಸರು ಪೇಟೆಯ ದಾರಿ ಹಿಡಿದಾಗಿತ್ತು.

ಗಿಡಗಳು ಗಂಜಿಯ ಮಡಕೆಗಳಲ್ಲಿ ಬಂದವು, ಹಿತ್ತಲ ಮಣ್ಣಿನ ಹೆಂಟೆಯ ಸಮೇತ. ಮೊಣಕಾಲು ದಾಟಿ ಬೆಳೆದಿದ್ದವು. ಹನ್ನೊಂದು ಗುಂಡಿ, ಹನ್ನೊಂದು ಗಿಡ. ಉಳಿದ ಮೂರನ್ನು ಎಮ್ಮೆಗಳ ದಾರಿಯ ಪಕ್ಕದಲ್ಲಿ ನೆಟ್ಟರು. ಕೊನೆಯ ಗಿಡದ ಬುಡದಲ್ಲಿ ಕುಂಚ ತೊಳೆಯುವ ಹೊತ್ತಿಗೆ ಗಂಜಿ ಒಣಗಿತು. ಕದಿರಪ್ಪ ಹಾಸು ಸುತ್ತಿದ.

"ಎಣಿಸಿ, ಸ್ವಾಮಿ."

ಅಮಲ್ದಾರ ಕುದುರೆಯಿಂದ ಇಳಿದ. ಮೊದಲ ಸಲ ಬಯಲಿನಲ್ಲಿ ನಡೆದ. ಎರಡು ಬಾರಿ ಎಣಿಸಿದ. ಎರಡು ಬಾರಿಯೂ ನೂರಮೂರು.

"ಈಗ ನೆಟ್ಟವು ಬದುಕುತ್ತವೆಯೇ?"

"ನಮ್ಮ ಹಿತ್ತಲಲ್ಲಿ ಕೋಳಿ, ಆಡು, ನನ್ನ ಸೊಸೆ, ಮೂವರನ್ನೂ ತಡ್ಕೊಂಡು ಬದುಕಿದಾವೆ," ಎಂದಳು ಸಣ್ಣೀರವ್ವ. "ನೀವು ಹೋಗಿ ಊಟ ಮಾಡಿ."

ಸುಣ್ಣದ ಬುಟ್ಟಿ ಬಂದ ಹಾಗೆಯೇ ಹಿಂದಕ್ಕೆ ಹೋಯಿತು.

*

ಹಬ್ಬ ಕಳೆದು ಎಂಟನೆಯ ದಿನ, ಹೊಳೆಯ ಕೆಳಗಿನ ಊರಿನಿಂದ ಇಬ್ಬರು ಹಿರಿಯರು ಆಶ್ರಮಕ್ಕೆ ಬಂದರು. ಅವರ ಊರಿನ ಬಯಲಿಗೂ ಒಂದು ಆಜ್ಞೆ ಬಂದಿತ್ತು. ಅವರದು ಇನ್ನೂರು ಗಿಡ.

"ನೀವು ಮಾಡಿದ ತೋಪಿನ ನಕ್ಷೆ ಕೊಟ್ಟರೆ ಹಾಗೇ ನೆಡ್ತೀವಿ," ಎಂದರು ಸೋಮಿದೇವನಿಗೆ.

ಅವರನ್ನು ಜಗಲಿಯಲ್ಲಿ ಕೂರಿಸಿ ಅವನು ಗುರುವಿನ ಬಳಿಗೆ ಹೋದ. ಕೈಯಲ್ಲಿ ನಾಲ್ಕು ಸಾಲಿನ ನಕ್ಷೆ ಇತ್ತು.

"ಇದನ್ನು ಕೊಡಲೇ, ಗುರುಗಳೇ?"

"ಅವರೂ ನೇಕಾರರೇ?"

"ಅಲ್ಲ. ಕುಂಬಾರರು."

ಹೇಳಿದ ಕೂಡಲೇ ಅವನು ನಕ್ಷೆಯನ್ನು ಕೆಳಗಿಟ್ಟ.

"ಅವರ ಬಯಲಿನಲ್ಲಿ ಏನಿದೆಯಂತೆ?" ಎಂದರು ಗುರು.

"ಏನೂ ಇಲ್ಲವಂತೆ. ಖಾಲಿ ಬಿದ್ದಿದೆ ಎನ್ನುತ್ತಾರೆ."

ಗುರು ಎದ್ದು ಓಲೆಗಳ ಪೆಟ್ಟಿಗೆಯನ್ನು ತೆರೆದರು. ತಳದಿಂದ ಒಂದು ಓಲೆಯನ್ನು ಎತ್ತಿ ಅವನಿಗೆ ಕೊಟ್ಟರು. ಅವನ ಮೊದಲ ನಕ್ಷೆ. ಹತ್ತು ಸಾಲು, ಸಾಲಿಗೆ ಹತ್ತು. ಅಡ್ಡ ನೋಡಿದರೂ ನೇರ, ಉದ್ದ ನೋಡಿದರೂ ನೇರ. ನಡುವೆ ಚುಕ್ಕಿಗಳು. ಚುಕ್ಕಿಗಳ ಪಕ್ಕದಲ್ಲಿ ಅವನದೇ ಅಕ್ಷರ.

ಅವನು ಅದನ್ನು ಓದಿ, ಮಡಿಲಲ್ಲಿ ಸಿಕ್ಕಿಸಿಕೊಂಡು, ಗುರುವಿನ ಕಾಲಿಗೆರಗಿದ.

"ಹೋಗು," ಎಂದರು ಗುರು. "ಕೋಳಿ ಕೂಗುವ ಹೊತ್ತಿಗೆ ಅಲ್ಲಿರು. ಮೊದಲು ಅಲ್ಲಿನ ಇಲಿಗಳ ಹೆಸರು ಕೇಳಿಕೋ."